ಬೆಂಗಳೂರಿನ ನೀರು ನಿರಪರಾಧಿ!

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆವು. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದಾನೆ, ಗದಗದ ಕಡೆಯವನು. ಇಪ್ಪತ್ಮೂರು ವಯಸ್ಸಿರಬಹುದು, ಬೆಂಗಳೂರಿಗೆ ಬಂದು ಏಳು ತಿಂಗಳಾಗಿದೆ ಅಷ್ಟೆ. ತಟ್ಟೆ ಮುಂದಿಟ್ಟುಕೊಂಡು ಮೆಲ್ಲಗೆ ಕೇಳಿದ, "ಸರ್, ಇಲ್ಲಿ ಯಾವ ಏರಿಯಾದಾಗ ನೀರು ಚಲೋ ಐತ್ರಿ? ಪೀಜಿ ಬದಲಿ ಮಾಡಬೇಕಂತ ಮಾಡೇನ್ರಿ. ಕೂದಲಾ ಭಾಳ ಉದರಾಕತ್ತಾವ."

ಅಷ್ಟೇ ಸಾಕಾಯಿತು. ಟೇಬಲ್ಲಿನಲ್ಲಿದ್ದವರೆಲ್ಲ ಒಟ್ಟಿಗೆ ಶುರು ಮಾಡಿದರು. ಬೋರ್‌ವೆಲ್ ನೀರು ಗುರೂ, ಅದೇ ಪ್ರಾಬ್ಲಮ್. ಟ್ಯಾಂಕರ್ ನೀರಾದ್ರೆ ಮುಗೀತು ಕಥೆ. ಕಾವೇರಿ ನೀರು ಬರೋ ಕಡೆ ರೂಮು ಮಾಡು. ಶವರಿಗೆ ಫಿಲ್ಟರ್ ಹಾಕಿಸು. ಶನಿವಾರ ರಾತ್ರಿ ಚೆನ್ನಾಗಿ ಎಣ್ಣೆ ಹಚ್ಚಿ ಮಲಗು. ಎಷ್ಟು ಸಲಹೆ! ಸಿ.ವಿ. ಹೇಗೆ ಬರೀಬೇಕು ಅಂತ ಕೇಳಿದ್ದರೆ ಇಷ್ಟು ಉತ್ಸಾಹದಿಂದ ಯಾರೂ ಹೇಳುತ್ತಿರಲಿಲ್ಲ. ಆದರೆ ಒಬ್ಬರೂ, ಒಬ್ಬರೆಂದರೆ ಒಬ್ಬರೂ, "ಎಲ್ಲಿ, ತಲೆ ಬಗ್ಗಿಸು ನೋಡೋಣ" ಅನ್ನಲಿಲ್ಲ.

ನನಗೆ ಸಿಟ್ಟು ಬಂತು. ಅವರ ಮೇಲೆ ಸ್ವಲ್ಪ, ನನ್ನ ಮೇಲೆ ಜಾಸ್ತಿ. ಯಾಕೆಂದರೆ ಇದೇ ಮಾತು ಕೇಳಿಕೊಂಡು ನಾನು ಮೂರು ವರ್ಷ ಕಳೆದಿದ್ದೇನೆ. ಆ ಸಿಟ್ಟಿನಲ್ಲೇ ಈ ಪೋಸ್ಟು. ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಬನ್ನಿ.

* * *

ಮೊದಲು ನನ್ನ ಕಥೆ. ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. 2019ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಎಲ್ಲರ ಹಾಗೆ ಒಂದು ಸೂಟ್‌ಕೇಸು, ಒಂದು ಚಕ್ಕುಲಿ ಡಬ್ಬ ಹಿಡಿದು ಬೆಂಗಳೂರಿಗೆ ಬಂದೆ. ನಾಲ್ಕೈದು ತಿಂಗಳಿಗೆ ಪೀಜಿಯ ಬಚ್ಚಲ ತೂತಿನಲ್ಲಿ ಕೂದಲು ಕಾಣಿಸತೊಡಗಿತು. ದಿಂಬಿನ ಮೇಲೆ, ಕೀಬೋರ್ಡಿನ ಸಂದಿಯಲ್ಲಿ ಎಲ್ಲ ಕಡೆ ಕೂದಲು. ನೆತ್ತಿ ಕೆರೆತ ಬೇರೆ. ರೂಮ್‌ಮೇಟನ್ನು ಕೇಳಿದೆ. "ಬೆಂಗಳೂರು ನೀರು ಮಗಾ" ಅಂದ. ನಂಬಿದೆ.

ನಂಬಿ ಏನು ಮಾಡಿದೆ ಗೊತ್ತೆ? ಬೋರ್‌ವೆಲ್ ನೀರಿನ ಪೀಜಿ ಬಿಟ್ಟು ಕಾವೇರಿ ನೀರಿನ ಪೀಜಿಗೆ ಹೋದೆ. ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಶವರಿಗೆ ಫಿಲ್ಟರ್ ಹಾಕಿಸಿದೆ. ಕೆಲವು ಭಾನುವಾರ ಇಪ್ಪತ್ತು ಲೀಟರಿನ ಕುಡಿಯುವ ನೀರಿನ ಕ್ಯಾನ್ ತಂದು ಅದರಲ್ಲಿ ತಲೆಗೆ ಸ್ನಾನ ಮಾಡಿದ್ದೂ ಉಂಟು. ನಗಬೇಡಿ, ನಿಮ್ಮಲ್ಲೂ ಮಾಡಿದವರಿದ್ದೀರಿ, ನನಗೆ ಗೊತ್ತು :-)

ತಮಾಷೆ ಇರುವುದು ಮುಂದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದವನು ಒಂದೂವರೆ ವರ್ಷ ಊರಲ್ಲೇ ಇದ್ದೆ. ಅಂದರೆ ಬೆಂಗಳೂರಿನ ನೀರು ಒಂದು ತೊಟ್ಟೂ ತಲೆಗೆ ಬೀಳಲಿಲ್ಲ. ಕೂದಲು ಉದುರುವುದು ನಿಂತಿತೆ? ಇಲ್ಲ! ಆಗ ಒಬ್ಬ ಇಂಜಿನಿಯರು ಏನು ಮಾಡಬೇಕಿತ್ತು? "ನೀರು ಬದಲಾದರೂ ಫಲಿತಾಂಶ ಬದಲಾಗಲಿಲ್ಲ, ಹಾಗಾದರೆ ಕಾರಣ ನೀರಲ್ಲ" ಅನ್ನಬೇಕಿತ್ತು ತಾನೆ? ನಾನು ಅಂದುಕೊಂಡದ್ದು, "ಕೊರೊನಾ ಟೆನ್ಷನ್". ಆಫೀಸಿನಲ್ಲಿ ಯಾರಾದರೂ ಹೀಗೆ ಬಗ್ ಮುಚ್ಚಿದ್ದರೆ ರಿವ್ಯೂನಲ್ಲಿ ಅವರ ಜನ್ಮ ಜಾಲಾಡಿಸುತ್ತಿದ್ದೆ.

ಕೊನೆಗೆ 2022ರಲ್ಲಿ ಕಟಿಂಗ್ ಶಾಪಿನವನು ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದ. ನಡುನೆತ್ತಿಯಲ್ಲಿ ಎರಡು ರೂಪಾಯಿ ನಾಣ್ಯದ ಅಗಲಕ್ಕೆ ಚರ್ಮ ಹೊಳೆಯುತ್ತಿತ್ತು. ಮಾರನೆಯ ವಾರ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಲೈಟಿರುವ ಪುಟ್ಟ ಭೂತಗನ್ನಡಿ ಇಟ್ಟು ನೆತ್ತಿ ನೋಡಿದರು. ಐದು ನಿಮಿಷ. ಎರಡು ತೊಂದರೆ ಹೇಳಿದರು. ಒಂದು, ಹೊಟ್ಟು ಜಾಸ್ತಿಯಾಗಿ ನೆತ್ತಿ ಕೆಂಪಾಗಿದೆ. ಎರಡು, ವಂಶದಿಂದ ಬರುವ ಬೋಳು ಶುರುವಾಗಿದೆ.

"ಎಷ್ಟು ದಿನದಿಂದ?"
"ಮೂರು ವರ್ಷ ಆಯ್ತು ಮೇಡಂ."
"ಮೂರು ವರ್ಷ ಏನು ಮಾಡ್ತಿದ್ರಿ?"
"ನೀರು ಬದಲಾಯಿಸ್ತಿದ್ದೆ ಮೇಡಂ."

ಅವರು ನಗಲಿಲ್ಲ. ಇಂಥವರನ್ನು ದಿನಾ ನೋಡುತ್ತಾರೇನೋ.

* * *

ಈಗ ನೀರಿನ ವಿಚಾರಣೆ. ಆರೋಪಿ ಪರ ನಾನೇ ವಕೀಲ.

ನೀರು ಗಡಸು ಅಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿವೆ ಅಂತ. ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯೆ? ಬ್ಯುರೆಟ್ಟಿನಲ್ಲಿ ಇಡಿಟಿಎ ತುಂಬಿಸಿ, ವೈನ್ ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ತೊಟ್ಟು ತೊಟ್ಟಾಗಿ ಬಿಟ್ಟು, ಗಡಸುತನ ಇಷ್ಟು ಪಿಪಿಎಂ ಅಂತ ರೆಕಾರ್ಡಿನಲ್ಲಿ ಬರೆದು, ವೈವಾದಲ್ಲಿ ಬೈಸಿಕೊಂಡು ಬಂದವರು ನಾವು. ಅದೇ ನಾವು ನೀರಿನ ಗಡಸುತನವನ್ನು ಒಂದು ಸಲವೂ ಅಳೆಯದೆ ಅದಕ್ಕೆ ಶಿಕ್ಷೆ ವಿಧಿಸುತ್ತೇವೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲವೆಂದರೆ 600ರವರೆಗೂ ಒಪ್ಪಬಹುದು. ನಮ್ಮೂರಿನ ಬೋರ್‌ವೆಲ್ ನೀರು ಹೇಗಿದೆಯೆಂದರೆ ಕಾಯಿಸಿದ ಹಂಡೆಯ ಒಳಗೆ ಬಿಳೀ ಪೊರೆ ಕಟ್ಟುತ್ತೆ, ಅಮ್ಮ ವರ್ಷಕ್ಕೊಮ್ಮೆ ಹುಣಸೇಹಣ್ಣು ಹಾಕಿ ಉಜ್ಜುತ್ತಾಳೆ. ಅದೇ ನೀರಿನಲ್ಲಿ ಅರವತ್ತು ವರ್ಷ ತಲೆ ತೊಳೆದ ನಮ್ಮಜ್ಜಿಯ ತುರುಬು ಕೊನೆಯವರೆಗೂ ಮುಷ್ಟಿ ಗಾತ್ರ ಇತ್ತು.

ಹಾಗಾದರೆ ಗಡಸು ನೀರು ಏನೂ ಮಾಡುವುದಿಲ್ಲವೆ? ಮಾಡುತ್ತೆ. ಸೋಪಿನ ಜತೆ ಸೇರಿ ಅಂಟು ಗಸಿ ಆಗುತ್ತೆ, ಕೂದಲು ಒರಟಾಗುತ್ತೆ, ಮಂಕಾಗುತ್ತೆ. ಸಂಶೋಧನೆಗಳೂ ನಡೆದಿವೆ. 2013ರಲ್ಲಿ ಕೊಯಮತ್ತೂರಿನ ವೈದ್ಯರು ಕೂದಲನ್ನು ತಿಂಗಳ ಕಾಲ ಗಡಸು ನೀರಿನಲ್ಲಿ ತೊಳೆದು ಎಳೆದು ನೋಡಿದರು, ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2018ರಲ್ಲಿ ಪ್ರಕಟವಾದ ಪಾಕಿಸ್ತಾನದ ಅಧ್ಯಯನದಲ್ಲಿ ಗಡಸು ನೀರಿನಲ್ಲಿ ನೆನೆದ ಕೂದಲು ಸ್ವಲ್ಪ ಬಲ ಕಳೆದುಕೊಂಡಿತ್ತು. ಸರಿ, ಎರಡನೆಯದನ್ನೇ ನಿಜ ಅಂದುಕೊಳ್ಳೋಣ. ಅದು ಹೇಳುವುದು ಕೂದಲು ಮಧ್ಯದಲ್ಲಿ ತುಂಡಾಗುವ ವಿಷಯ. ನಿಮ್ಮ ದಿಂಬಿನ ಮೇಲಿರುವುದು ತುಂಡೋ, ಇಡೀ ಕೂದಲೋ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳೀ ಗಂಟಿದ್ದರೆ ಅದು ಬುಡಸಮೇತ ಬಂದ ಕೂದಲು. ಆ ಬುಡ ಇರುವುದು ಚರ್ಮದಿಂದ ಮೂರ್ನಾಲ್ಕು ಮಿಲಿಮೀಟರ್ ಒಳಗೆ. ಎರಡು ನಿಮಿಷ ತಲೆ ಮೇಲೆ ಹರಿದು ಹೋಗುವ ನೀರು ಅಲ್ಲಿಗೆ ಇಳಿದು ಕೂದಲು ಕೀಳುವುದಿಲ್ಲ ಸ್ವಾಮಿ.

ಶವರ್ ಫಿಲ್ಟರಿನ ಬಗ್ಗೆಯೂ ಒಂದು ಮಾತು. ಗಡಸುತನ ತೆಗೆಯಬೇಕಾದರೆ ರೆಸಿನ್ ತುಂಬಿದ ಸಾಫ್ಟ್‌ನರ್ ಬೇಕು, ಅದಕ್ಕೆ ಆಗಾಗ ಉಪ್ಪು ಹಾಕುತ್ತಿರಬೇಕು. ಅಂಗೈಯಗಲದ ಡಬ್ಬಿಯಿಂದ ಆಗುವ ಕೆಲಸವಲ್ಲ. ನಾನು ಬುದ್ಧಿ ಬಂದ ಮೇಲೆ ಎರಡು ಬಾಟಲಿಯಲ್ಲಿ ಫಿಲ್ಟರಿಗೆ ಮುಂಚಿನ ನೀರು, ಫಿಲ್ಟರಿನ ನಂತರದ ನೀರು ಹಿಡಿದು, ಎರಡಕ್ಕೂ ಅಷ್ಟಷ್ಟೇ ಸೋಪು ಹಾಕಿ ಕುಲುಕಿದೆ. ಎರಡರಲ್ಲೂ ಅದೇ ಬಡಕಲು ನೊರೆ. ಎರಡೂವರೆ ಸಾವಿರ ರೂಪಾಯಿ ನೊರೆ!

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳಿಗೆ ನದಿ ನೀರು ಹರಿಸುವ ಯೋಜನೆ ಶುರುವಾಯಿತು. ಒಳ್ಳೆಯದೇ, ಟ್ಯಾಂಕರಿನವರಿಂದ ಬಿಡುಗಡೆ. ಆದರೆ ನಗರದ ನಡುವೆ ಹುಟ್ಟಿ ಬೆಳೆದು ಮೊದಲಿಂದಲೂ ಕಾವೇರಿ ನೀರಿನಲ್ಲೇ ಮಿಂದವರೂ ಬೋಳಾಗಿದ್ದಾರಲ್ಲ, ಅವರನ್ನು ಯಾವ ಏರಿಯಾಕ್ಕೆ ಕಳಿಸೋಣ?

ನಿಜವಾದ ಅಪರಾಧಿ ಯಾರು ಅಂದರೆ, ನಮ್ಮ ವಯಸ್ಸು. ನಾವು ಬೆಂಗಳೂರಿಗೆ ಬರುವುದು ಇಪ್ಪತ್ತೆರಡು ಇಪ್ಪತ್ಮೂರಕ್ಕೆ. ವಂಶದ ಬೋಳು ಬಹಳ ಗಂಡಸರಲ್ಲಿ ತಲೆ ಎತ್ತುವುದೂ (ತಲೆ ತಗ್ಗಿಸುವುದೂ ಅನ್ನಿ) ಇಪ್ಪತ್ತರ ಆಸುಪಾಸಿನಲ್ಲೇ. ಎರಡು ರೈಲು ಒಂದೇ ಪ್ಲಾಟ್‌ಫಾರಂಗೆ ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ಎಳೆದು ತಂದಿತು ಅಂತ ಅರ್ಥವಲ್ಲ. ಅಮೆರಿಕದ ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1942ರಲ್ಲೇ ತೋರಿಸಿದ್ದ: ಹರೆಯಕ್ಕೆ ಮುಂಚೆ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ; ವಂಶದಲ್ಲಿ ಬೋಳಿದ್ದು, ಗಂಡು ಹಾರ್ಮೋನು ಕೊಟ್ಟರೆ ಆಗುತ್ತಾರೆ. ಟೆಸ್ಟೊಸ್ಟೆರಾನಿನಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನು, ಅದಕ್ಕೆ ಹೆದರುವ ಜಾತಿಯ ಕೂದಲ ಬುಡಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತಾ ಹೋಗುತ್ತೆ. ಕೂದಲು ತೆಳುವಾಗುತ್ತೆ, ಗಿಡ್ಡವಾಗುತ್ತೆ, ಕೊನೆಗೆ ಇಲ್ಲವಾಗುತ್ತೆ. ಇದು ತಾಯಿ ಕಡೆಯಿಂದಲೂ ಬರುತ್ತೆ, ತಂದೆ ಕಡೆಯಿಂದಲೂ ಬರುತ್ತೆ.

ನಮ್ಮ ತಾತ ಇಡೀ ಜನ್ಮದಲ್ಲಿ ಬೆಂಗಳೂರಿಗೆ ಬಂದದ್ದು ಮೂರೋ ನಾಲ್ಕೋ ಸಲ. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ರುಮಾಲು ಸುತ್ತಿದ ಗತ್ತಿನ ಮನುಷ್ಯ. ನಾನು ಚಿಕ್ಕವನಿದ್ದಾಗ ಒಮ್ಮೆ ಬಚ್ಚಲಿಗೆ ಟವಲು ಕೊಡಲು ಹೋಗಿ ನೋಡಿದೆ, ತಾತನ ತಲೆ ಪಕ್ಕದಲ್ಲಿದ್ದ ತಾಮ್ರದ ಹಂಡೆಯಷ್ಟೇ ನುಣ್ಣಗಿತ್ತು! "ನಮ್ಮ ಹಿರಿಯರಿಗೆಲ್ಲ ಎಂಥಾ ಕೂದಲಿತ್ತು" ಅಂತ ಹೇಳುವವರು ಒಂದು ಸಲ ಹಿರಿಯರ ರುಮಾಲು ಬಿಚ್ಚಿ ನೋಡಬೇಕು.

ಇನ್ನೊಂದು ಕಾರಣವೂ ಇದೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳು ಸುಮ್ಮನಿದ್ದು ಉದುರುತ್ತೆ. ಹಾಗಾಗಿ ದಿನಕ್ಕೆ ನೂರರ ತನಕ ಉದುರುವುದು ಲೆಕ್ಕದ ಪ್ರಕಾರವೇ ಸರಿ. ಜ್ವರ, ಡೆಂಗಿ, ಕೊರೊನಾ, ಹೆರಿಗೆ, ಉಪವಾಸ ಮಾಡಿ ತೂಕ ಇಳಿಸುವುದು, ದೊಡ್ಡ ಆಘಾತ, ಇಂಥದ್ದೇನಾದರೂ ಆದರೆ ಬಹಳಷ್ಟು ಕೂದಲು ಒಟ್ಟಿಗೆ ಸುಮ್ಮನಾಗಿ ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಅಷ್ಟರಲ್ಲಿ ಜ್ವರ ಮರೆತಿರುತ್ತೆ, ನೀರು ಕಣ್ಣೆದುರಿಗಿರುತ್ತೆ. ಬೈಗುಳ ಯಾರಿಗೆ ಬಿತ್ತು ನೋಡಿ.

* * *

ಈಗ ಎಣ್ಣೆ. ಇಲ್ಲಿ ಎಚ್ಚರಿಕೆಯಿಂದ ಬರೆಯಬೇಕು, ಅಮ್ಮನಿಗೆ ಯಾರಾದರೂ ಫಾರ್ವರ್ಡ್ ಮಾಡಿದರೆ ಕಷ್ಟ.

ನಮ್ಮದು ತೆಂಗಿನ ಅನ್ನ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಹಾಕಿ ಬಂದ ದುಡ್ಡಿನಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಕೊಬ್ಬರಿ ಎಣ್ಣೆಯ ವಿರುದ್ಧ ಬರೆದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಆದ್ದರಿಂದ ಮೊದಲು ಅದರ ಪರವಾಗಿರುವುದನ್ನೇ ಹೇಳುತ್ತೇನೆ. 2003ರಲ್ಲಿ ಪ್ರಕಟವಾದ ಮುಂಬಯಿಯ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಜೈ ತಿಪಟೂರು!

ಆದರೆ ಗಮನಿಸಿ, ಅದು ಕೂದಲಿನ ಮಾತು. ಕೂದಲು ಅಂದರೆ ಚರ್ಮದಿಂದ ಹೊರಗೆ ಬಂದ ಮೇಲೆ ಸತ್ತ ನಾರು. ಉಗುರಿನ ಹಾಗೆ. ಅದಕ್ಕೆ ಎಣ್ಣೆ ಹಚ್ಚಿದರೆ ನುಣುಪಾಗುತ್ತೆ, ಸಿಕ್ಕು ಕಡಿಮೆಯಾಗುತ್ತೆ. ಜೀವ ಇರುವುದು ನೆತ್ತಿಯಲ್ಲಿ. ನೆತ್ತಿ ಅಂದರೆ ಚರ್ಮ. ಮುಖದ ಚರ್ಮದ ಹಾಗೇ ಬೆವರುತ್ತೆ, ಜಿಡ್ಡು ಸುರಿಸುತ್ತೆ, ಕೊಳೆಯಾಗುತ್ತೆ, ಉರಿಯುತ್ತೆ. ಮುಖ ದಿನಕ್ಕೆ ಎರಡು ಸಲ ತೊಳೆಯುವ ನಾವು ನೆತ್ತಿಯನ್ನು ವಾರಗಟ್ಟಲೆ ಬಿಡುತ್ತೇವೆ, ಆಮೇಲೆ ಕೊಳೆಯ ಮೇಲೇ ಎಣ್ಣೆ ಸುರಿಯುತ್ತೇವೆ.

ಹೊಟ್ಟಿನ ವಿಷಯ ತಗೊಳ್ಳಿ. ನಮ್ಮ ಮನೆಗಳಲ್ಲಿ ಹೊಟ್ಟು ಕಂಡರೆ "ನೆತ್ತಿ ಒಣಗಿದೆ, ಎಣ್ಣೆ ಹಚ್ಚು" ಅನ್ನುತ್ತಾರೆ. ಸಾಮಾನ್ಯವಾಗಿ ಅದು ಒಣಗಿದ್ದಲ್ಲ. ಮಲಸೀಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ವಾಸ ಮಾಡುತ್ತೆ. ಅದಕ್ಕೆ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ, ನಮ್ಮ ನೆತ್ತಿಯ ಜಿಡ್ಡೇ ಅದರ ಊಟ. ಲ್ಯಾಬಿನಲ್ಲಿ ಅದನ್ನು ಬೆಳೆಸಬೇಕಾದರೆ ಆಲಿವ್ ಎಣ್ಣೆಯಂಥದ್ದನ್ನು ಹಾಕಿಯೇ ಬೆಳೆಸುತ್ತಾರೆ. ಜಿಡ್ಡು ತಿಂದು ಅದು ಉಳಿಸುವ ಆಮ್ಲ ಕೆಲವರ ನೆತ್ತಿಗೆ ಆಗಿಬರುವುದಿಲ್ಲ. ಕೆರೆತ, ಕೆಂಪು, ಹೊಟ್ಟು. ಅಂಥ ನೆತ್ತಿಗೆ ರಾತ್ರಿಯಿಡೀ ಎಣ್ಣೆ ಹಚ್ಚಿ ಮಲಗುವುದು ಅಂದರೆ ಕಳ್ಳನಿಗೆ ಹೋಳಿಗೆ ಊಟ ಹಾಕಿ ಕಾವಲಿಗೆ ಕೂರಿಸಿದಂತೆ. ಹೊಟ್ಟಿನಿಂದಲೇ ಯಾರೂ ಬೋಳಾಗುವುದಿಲ್ಲ, ಆದರೆ ಉರಿಯುವ ನೆತ್ತಿಯನ್ನು ಕೆರೆಯುತ್ತಾ ಕೂತರೆ ಉದುರುವುದು ಹೆಚ್ಚುತ್ತೆ.

ಹೊಟ್ಟಿಲ್ಲವೆ, ಕೆರೆತವಿಲ್ಲವೆ? ಧಾರಾಳವಾಗಿ ಎಣ್ಣೆ ಹಚ್ಚಿಕೊಳ್ಳಿ, ಅಭ್ಯಂಜನ ಮಾಡಿ, ನನ್ನ ತಕರಾರಿಲ್ಲ. ನನ್ನ ತಕರಾರು "ಎಣ್ಣೆ ಹಚ್ಚಿದರೆ ಬೋಳು ತಲೆಯಲ್ಲಿ ಕೂದಲು ಬರುತ್ತೆ" ಅಂತ ಮಾರುವವರ ಮೇಲೆ. ಈರುಳ್ಳಿ ಎಣ್ಣೆ ಅಂತ ಬಂತಲ್ಲ, ಅದರ ಹಿಂದೆ 2002ರ ಬಾಗ್ದಾದಿನ ಒಂದು ಅಧ್ಯಯನವಿದೆ. ಒಟ್ಟು 38 ರೋಗಿಗಳು. ಹಚ್ಚಿದ್ದು ಹಸಿ ಈರುಳ್ಳಿಯ ರಸ, ಎಣ್ಣೆಯಲ್ಲ. ಕಾಯಿಲೆಯೂ ಬೇರೆ, ನಾಣ್ಯದಂತೆ ಗುಂಡಗೆ ಕೂದಲು ಹೋಗುವಂಥದ್ದು, ಅದು ಎಷ್ಟೋ ಜನರಲ್ಲಿ ತಾನಾಗಿಯೇ ವಾಪಸು ಬರುತ್ತೆ. ಅಲ್ಲಿಂದ ಇಲ್ಲಿಗೆ ಎಷ್ಟು ದೊಡ್ಡ ಜಿಗಿತ! ರೀಲ್ಸುಗಳಲ್ಲಿ ಮಂಡಿಯುದ್ದ ಕೂದಲು ಬಿಟ್ಟುಕೊಂಡು ಕಾಡಿನ ಎಣ್ಣೆ ಮಾರುವುದನ್ನೂ ನೋಡಿರುತ್ತೀರಿ. ಹೊಟ್ಟೆಪಾಡಿಗೆ ಬೇರು ನಾರು ಕುದಿಸುವವರ ಮೇಲೆ ನನಗೆ ಕೋಪವಿಲ್ಲ. ದುಡ್ಡು ತಗೊಂಡು "ನನಗೂ ಬಂತು" ಅಂತ ವಿಗ್ಗಿನಂಥ ಕೂದಲು ಅಲ್ಲಾಡಿಸುವ ಸೆಲೆಬ್ರಿಟಿಗಳ ಮೇಲೆ ಇದೆ.

ಒಂದು ವಿಷಯ ಗೊತ್ತೆ? 1945ರ ಔಷಧ ನಿಯಮಗಳಲ್ಲಿ ಜೆ ಷೆಡ್ಯೂಲ್ ಅಂತ ಒಂದು ಪಟ್ಟಿ ಇದೆ. ಯಾವ ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇನೆಂದು ಔಷಧಿ ಹೇಳಿಕೊಳ್ಳಬಾರದು ಅನ್ನುವ ಪಟ್ಟಿ. ಏಡ್ಸ್, ಕ್ಯಾನ್ಸರ್ ಇರುವ ಅದೇ ಪಟ್ಟಿಯಲ್ಲಿ ಬೋಳುತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಆದರೂ ದಿನಾ ಜಾಹೀರಾತು ನೋಡುತ್ತಿದ್ದೇವೆ. "ಕೂದಲು ಉದುರುವಿಕೆ ಕಡಿಮೆ" ಅಂತ ದಪ್ಪಕ್ಷರದಲ್ಲಿ, "ತುಂಡಾಗುವುದರಿಂದ" ಅಂತ ಇರುವೆ ಗಾತ್ರದ ಅಕ್ಷರದಲ್ಲಿ.

* * *

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಬೋಳಾದರೆ ಏನು, ಪ್ರಾಣ ಹೋಗುತ್ತಾ? 2017ರಲ್ಲಿ ಬಂದ 'ಒಂದು ಮೊಟ್ಟೆಯ ಕಥೆ' ಸಿನಿಮಾಕ್ಕೆ ಶಿಳ್ಳೆ ಹೊಡೆದವನು ನಾನು. ಬರೆಯಲೇಬೇಕು ಅನ್ನಿಸಿದ್ದು ತಂಗಿಯ ದೆಸೆಯಿಂದ.

ತಂಗಿ ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಅವಳ ಜಡೆ ಮೊಳ ಉದ್ದ, ಮಣಿಕಟ್ಟಿನಷ್ಟು ದಪ್ಪ ಇತ್ತು. ವರ್ಷದೊಳಗೆ ಬೆರಳಿನಷ್ಟಾಯಿತು. ಊರಿಗೆ ಬಂದಾಗೆಲ್ಲ ಅದೇ ಮಾತು. "ಹಾಸ್ಟೆಲ್ ನೀರು ಕಣೇ" ಅಂತ ಅತ್ತೆ. "ಎಣ್ಣೆ ಮುಟ್ಟಲ್ಲ ಇವಳು" ಅಂತ ಅಮ್ಮ. "ನೋಡೋಕೆ ಬರೋರು ಏನಂತಾರೆ" ಅಂತ ದೊಡ್ಡಮ್ಮ. ದಾಸವಾಳದ ಎಲೆ ರುಬ್ಬಿದರು, ಮೆಂತ್ಯ ನೆನೆಸಿದರು, ಗರಗದ ಸೊಪ್ಪಿನ ಎಣ್ಣೆ ಕಾಯಿಸಿದರು. ಪಾಪ, ಎಲ್ಲ ಪ್ರೀತಿಯಿಂದಲೇ. ನಾನೂ ದೊಡ್ಡ ಮನುಷ್ಯನ ಹಾಗೆ ಅವಳಿಗೊಂದು ದುಬಾರಿ ಶಾಂಪೂ ಕೊಡಿಸಿದೆ.

ಒಂದು ದಿನ ಹಾಸ್ಟೆಲಿನ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7.2. ಹೆಣ್ಣುಮಕ್ಕಳಿಗೆ ಕನಿಷ್ಠ 12 ಇರಬೇಕು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ, ವರ್ಷದಿಂದ. ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಅದನ್ನೂ ಹೇಳಿರಲಿಲ್ಲ. ನಾವು ಯಾರೂ ಕೇಳಿಯೂ ಇರಲಿಲ್ಲ. ಕೇಳುತ್ತಿದ್ದದ್ದು ಜಡೆಯ ಬಗ್ಗೆ ಮಾತ್ರ.

ಅವಳ ಮೈ ವರ್ಷದಿಂದ ಎರರ್ ಮೆಸೇಜ್ ಕಳಿಸುತ್ತಲೇ ಇತ್ತು. ನಾವು ಆ ಮೆಸೇಜಿಗೆ ಎಣ್ಣೆ ಹಚ್ಚುತ್ತಿದ್ದೆವು.

ಕಬ್ಬಿಣದ ಮಾತ್ರೆ, ಸ್ತ್ರೀರೋಗ ತಜ್ಞರ ಚಿಕಿತ್ಸೆ ಅಂತ ಎಂಟು ತಿಂಗಳು ನಡೆಯಿತು. ಈಗ ಹುಷಾರಾಗಿದ್ದಾಳೆ. ಕೂದಲು ಪೂರ್ತಿ ಅಲ್ಲದಿದ್ದರೂ ಬಹುಪಾಲು ವಾಪಸು ಬಂದಿದೆ, ಅದೇ ಹಾಸ್ಟೆಲಿನ ನೀರಿನಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ನಮ್ಮ ಕರ್ನಾಟಕದಲ್ಲಿ ಸುಮಾರು 48. ಅಂದರೆ ನಿಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರೆ ಲೆಕ್ಕ ಹಾಕಿಕೊಳ್ಳಿ. ರಕ್ತಹೀನತೆ ಇರುವವರಿಗೆಲ್ಲ ಕೂದಲು ಉದುರುವುದಿಲ್ಲ, ನಿಜ. ಥೈರಾಯ್ಡಿನಿಂದಲೂ ಉದುರಬಹುದು. ಅದಕ್ಕೇ ಹೇಳುವುದು, ಎಣ್ಣೆಯ ಬಾಟಲಿ ಕೊಳ್ಳುವ ದುಡ್ಡಿನಲ್ಲಿ ಮೊದಲು ರಕ್ತ ಪರೀಕ್ಷೆ ಮಾಡಿಸಿ.

* * *

"ಬರೀ ಬೈದರೆ ಆಯ್ತಾ, ಏನು ಮಾಡಬೇಕು ಹೇಳಪ್ಪ" ಅನ್ನುತ್ತೀರಿ. ನಾನು ಡಾಕ್ಟರಲ್ಲ, ನನಗೆ ಡಾಕ್ಟರು ಹೇಳಿ ಕೆಲಸ ಮಾಡಿದ್ದನ್ನು ಹೇಳುತ್ತೇನೆ.

ನೆತ್ತಿ ಜಿಡ್ಡಾದಾಗ ತೊಳೆಯಿರಿ. ದಿನಾ ಬೆವರುವವರು ದಿನ ಬಿಟ್ಟು ದಿನ ತೊಳೆದರೂ ಕೂದಲು ಹೋಗುವುದಿಲ್ಲ. ತೊಳೆಯುವಾಗ ಕೈಗೆ ಬರುವ ಕೂದಲು ಹೇಗೂ ಉದುರಲು ಸಿದ್ಧವಾಗಿದ್ದದ್ದೇ. ಶಾಂಪೂ ನೆತ್ತಿಗೆ, ಕಂಡೀಷನರ್ ಕೂದಲ ತುದಿಗೆ. ಬೆರಳ ತುದಿಯಿಂದ ಉಜ್ಜಿ, ಉಗುರಿನಿಂದಲ್ಲ. ಸೀಗೆಪುಡಿ ಒಗ್ಗುತ್ತಿದ್ದರೆ ಅದೂ ಸರಿಯೇ, ಚೆನ್ನಾಗಿ ತೊಳೆದು ಹೋಗಬೇಕು ಅಷ್ಟೆ.

ಹೊಟ್ಟಿದ್ದರೆ ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಹಚ್ಚಿದ ಅರ್ಧ ನಿಮಿಷಕ್ಕೆ ತೊಳೆದುಬಿಡುವುದು. ಐದು ನಿಮಿಷ ನೆತ್ತಿಯ ಮೇಲೆ ಬಿಡಬೇಕು. ನನಗೆ ವಾರಕ್ಕೆ ಎರಡು ಸಲದಂತೆ ನಾಲ್ಕು ವಾರಕ್ಕೆ ಕೆರೆತ ನಿಂತಿತು. ಮೂರು ವರ್ಷದ ಕೆರೆತ! ಈಗ ಎರಡು ವಾರಕ್ಕೊಮ್ಮೆ ಹಾಕುತ್ತೇನೆ, ಯಾಕೆಂದರೆ ಹೊಟ್ಟು ಬಿಟ್ಟರೆ ಮತ್ತೆ ಬರುತ್ತೆ.

ಹೆಣ್ಣುಮಕ್ಕಳೆ, ಹಣೆಯ ಚರ್ಮ ಹಿಂದಕ್ಕೆ ಎಳೆಯುವಷ್ಟು ಬಿಗಿಯಾಗಿ ಜಡೆ ಹಾಕಬೇಡಿ. ವರ್ಷಗಟ್ಟಲೆ ಎಳೆದರೆ ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗಬಹುದು.

ಹೆಲ್ಮೆಟ್ಟಿನಿಂದ ಬೋಳಾಗುತ್ತೆ ಅನ್ನುವುದು ಇನ್ನೊಂದು ಪುಕಾರು. ಹೆಲ್ಮೆಟ್ ಗಾಳಿ ತಡೆದರೆ ಕೂದಲಿಗೇನು, ಬುಡಕ್ಕೆ ಉಸಿರು ಹೋಗುವುದು ರಕ್ತದಿಂದ. ಒಳಗಿನ ಬಟ್ಟೆ ಒಗೆಯಿರಿ, ಹತ್ತಿ ಬಟ್ಟೆ ಕಟ್ಟಿಕೊಂಡು ಹಾಕಿ. ಕೂದಲು ಉಳಿಸಲು ಹೋಗಿ ತಲೆಯನ್ನೇ ಕಳೆದುಕೊಳ್ಳಬೇಡಿ.

ವಂಶದ ಬೋಳಾದರೆ, ಔಷಧಿ ಇದೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು, ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ದ್ರವ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿ ತಡೆಯುವ ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ. ಎರಡನೆಯದಕ್ಕೆ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವಂಥ ಅಡ್ಡ ಪರಿಣಾಮಗಳಿವೆ, ಗರ್ಭಿಣಿಯರಂತೂ ಪುಡಿಯಾದ ಮಾತ್ರೆ ಮುಟ್ಟಲೂಬಾರದು. ಆದ್ದರಿಂದ ಗೂಗಲ್ ಡಾಕ್ಟರಿಕೆ ಬೇಡ, ನಿಜವಾದ ಡಾಕ್ಟರನ್ನು ಕೇಳಿ. ಬಿಟ್ಟರೆ ಫಲ ಹೋಗುತ್ತೆ, ವರ್ಷಾನುಗಟ್ಟಲೆ ಮುಂದುವರಿಸಬೇಕು. ಮುಖ್ಯವಾದ ಮಾತು: ಇವು ಇದ್ದದ್ದನ್ನು ಉಳಿಸುವುದರಲ್ಲಿ ಗಟ್ಟಿ, ಹೋದದ್ದನ್ನು ತರುವುದರಲ್ಲಿ ಅಷ್ಟಕ್ಕಷ್ಟೆ. ನನ್ನ ಸಿಟ್ಟಿನ ಮೂಲವೇ ಇದು. ನೀರು ಬದಲಾಯಿಸುತ್ತಾ ನಾನು ಕಳೆದ ಮೂರು ವರ್ಷ ಇದೆಯಲ್ಲ, ಅದು ಯಾವ ಬಾಟಲಿಯಲ್ಲೂ ವಾಪಸು ಸಿಗುವುದಿಲ್ಲ.

ಅಥವಾ, ಏನೂ ಮಾಡದೆ ಟ್ರಿಮ್ಮರ್ ತಗೊಂಡು ನುಣ್ಣಗೆ ಬೋಳಿಸಿಕೊಂಡು ಎದೆಯುಬ್ಬಿಸಿ ಓಡಾಡಿ. ಅದೂ ಗೌರವದ ದಾರಿಯೇ. ವಿಷಯ ತಿಳಿದು ಬೋಳಾಗುವುದು ಬೇರೆ, ಮೋಸಹೋಗಿ ಬೋಳಾಗುವುದು ಬೇರೆ.

* * *

ಅಮ್ಮನ ಜತೆ ಈಗ ಒಪ್ಪಂದವಾಗಿದೆ. ಊರಿಗೆ ಹೋದ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂರಿಸಿಕೊಂಡು ಎಣ್ಣೆ ಹಚ್ಚುತ್ತಾಳೆ, ಒಂದು ಗಂಟೆಯೊಳಗೆ ನಾನು ಔಷಧಿ ಶಾಂಪೂ ಹಾಕಿ ತೊಳೆಯುತ್ತೇನೆ. "ಎಣ್ಣೆಯಿಂದ್ಲೇ ನಿನ್ ತಲೆ ಸರಿಹೋಗಿದ್ದು ನೋಡು" ಅನ್ನುತ್ತಾಳೆ. ನಾನು ಮಾತಾಡುವುದಿಲ್ಲ. ಆ ಎಣ್ಣೆ ಕೂದಲಿಗಲ್ಲ ಅಂತ ಇಬ್ಬರಿಗೂ ಗೊತ್ತು.

ಆ ಗದಗದ ಹುಡುಗನಿಗೆ ಊಟ ಮುಗಿದ ಮೇಲೆ "ಬಾ ಇಲ್ಲಿ, ತಲೆ ಬಗ್ಗಿಸು" ಅಂದೆ. ಸಂಕೋಚದಿಂದ ಬಗ್ಗಿಸಿದ. ನೆತ್ತಿ ತುಂಬಾ ಹೊಟ್ಟು, ಕೆರೆದ ಗಾಯ. "ಬಂದ ಮೇಲೆ ಜ್ವರ ಗಿರ ಬಂದಿತ್ತಾ?" ಕೇಳಿದೆ. "ಹೌದ್ರಿ ಸರ್, ಮೂರು ತಿಂಗಳ ಹಿಂದ ಡೆಂಗಿ ಆಗಿತ್ತು. ನಿಮಗ ಹೆಂಗ ಗೊತ್ತಾತ್ರಿ?" ಅಂದ. ಪೀಜಿ ಬದಲಿಸಬೇಡ, ಶನಿವಾರ ಚರ್ಮದ ಡಾಕ್ಟರ ಹತ್ತಿರ ಹೋಗು ಅಂದಿದ್ದೇನೆ. ಹೋಗಿದ್ದಾನಂತೆ.

ನೀವೂ ಇವತ್ತು ರಾತ್ರಿ ಮನೆಯವರನ್ನು ದೀಪದ ಕೆಳಗೆ ಕೂರಿಸಿ ಒಂದು ಸಲ ನೆತ್ತಿ ನೋಡಿ. ಜತೆಗೆ ಸುಸ್ತಾಗುತ್ತಾ, ಏದುಸಿರು ಬರುತ್ತಾ, ಅದನ್ನೂ ಕೇಳಿ.

ಬೈಯುವವರು ಕೆಳಗೆ ಕಾಮೆಂಟಿನಲ್ಲಿ ನನಗೇ ಬೈಯಿರಿ. ನೀರಿಗೆ ಬೇಡ. ಅದು ಕಾವೇರಿಯಿಂದ ನೂರು ಕಿಲೋಮೀಟರ್ ಬೆಟ್ಟ ಹತ್ತಿ ಬಂದಿರುತ್ತೆ, ಪಾಪ.